ಪಟ್ಟಿ ಎಲ್ಲೈತವ್ವಾ?

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ತೋಟದ ಮನೆಯ ಪಡಸಾಲೆಯಲ್ಲಿ ಮೊಳೆಗೆ ಒಂದು ತಂತಿ ಜೋತು ಬಿದ್ದಿದೆ. ತುದಿ ಚೂಪು, ಬುಡದಲ್ಲಿ ರಟ್ಟಿನ ಬಿಲ್ಲೆ. ಜೋಳ, ಕಡಲೆ, ದ್ರಾಕ್ಷಿ, ಏನೇ ಮಾರಿ ಬಂದರೂ ನಮ್ಮಪ್ಪ ಕಾಲು ತೊಳೆಯುವ ಮೊದಲು ದಲಾಲಿ ಅಂಗಡಿಯವರು ಕೊಟ್ಟ ಪಟ್ಟಿಯನ್ನು ಆ ತಂತಿಗೆ ಚುಚ್ಚುತ್ತಾರೆ. ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು ಹೋಯಿತು, ಕೈಗೆ ಬಂದದ್ದೆಷ್ಟು, ಬಾಕಿ ಎಷ್ಟು, ಎಲ್ಲ ಅದರಲ್ಲಿ ಇರುತ್ತದೆ. ಅಡಿಯಲ್ಲಿರುವ ಚೀಟಿಗಳು ಹಳದಿಯಾಗಿ, ಮುಟ್ಟಿದರೆ ಮುರಿಯುವ ಹಾಗಾಗಿವೆ. ಆದರೂ ಅಪ್ಪ ಒಂದನ್ನೂ ತೆಗೆದು ಒಗೆದಿಲ್ಲ.

ನಾನು ವಿಜಯಪುರದಲ್ಲಿ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಡಿಸೈನ್ ಕೆಲಸ ಮಾಡುತ್ತೇನೆ. ಒಣದ್ರಾಕ್ಷಿ ಬಾಕ್ಸು, ಮಸಾಲೆ ಪಾಕೀಟು, ಲಗ್ನಪತ್ರಿಕೆ, ಸಿದ್ಧೇಶ್ವರ ಜಾತ್ರೆ ಬಂದರೆ ಬ್ಯಾನರು. ನನಗೆ ಪಗಾರ ಕೊಡುವವರು ಯಾರೂ ಇಲ್ಲ. ಒಪ್ಪಿಕೊಂಡ ಕೆಲಸ ಮುಗಿಸಬೇಕು, ಬಿಲ್ ಕೊಡಬೇಕು, ದುಡ್ಡು ಬರಬೇಕು. ಫ್ರೀಲಾನ್ಸ್ ಅಂತಾರೆ. ಫೋಟೋ ತೆಗೆಯುವವರು, ವಿಡಿಯೋ ಎಡಿಟ್ ಮಾಡುವವರು, ಅನುವಾದ ಮಾಡುವವರು, ಮನೆ ನಕ್ಷೆ ಬರೆಯುವವರು, ಈ ಊರಲ್ಲಿ ನನ್ನಂಥವರು ಬಹಳ ಜನ ಇದ್ದಾರೆ. ಕೆಲಸ ಮುಗಿದು, ದುಡ್ಡು ಮಾತ್ರ ಬಾರದೆ ಇದ್ದಾಗ ಏನಾಗುತ್ತದೆ ಅನ್ನುವುದು ಅವರಿಗೆಲ್ಲ ಗೊತ್ತು. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ನನ್ನ ಮೊದಲ ದೊಡ್ಡ ಕೆಲಸ ಒಬ್ಬ ಒಣದ್ರಾಕ್ಷಿ ವ್ಯಾಪಾರಿಯದು. ಅರ್ಧ ಕಿಲೋ, ಒಂದು ಕಿಲೋ, ಐದು ಕಿಲೋ, ಮೂರು ಅಳತೆಯ ಬಾಕ್ಸು, ಜೊತೆಗೆ ಲೋಗೋ. 28,000 ರೂಪಾಯಿಗೆ ಮಾತಾಯಿತು, ಬರೀ ಬಾಯಿಮಾತು. ಮುಂಗಡ ಕೇಳಲು ನಾಲಿಗೆ ಏಳಲಿಲ್ಲ. ಅವರು ನನ್ನನ್ನು 'ತಂಗಿ' ಅಂದಿದ್ದರು, ಅವರ ಮನೆಯವರು ಚಹಾ ಕೊಟ್ಟು ಕುಂಕುಮ ಹಚ್ಚಿ ಕಳಿಸಿದ್ದರು. ಮೂರು ವಾರ ರಾತ್ರಿ ಹಗಲು ಕೂತು ಮಾಡಿದೆ. ಫೈಲ್ ಪೂರ್ತಿ ಕಳಿಸಿದೆ. ಆಮೇಲೆ ಶುರುವಾಯಿತು ನೋಡಿ. ಮಾಲು ಶೆಡ್ಡಿನಿಂದ ಬರಲಿ ಅಂದರು. ಬಂತು. ದರ ಬಿದ್ದೈತಿ, ಶ್ರಾವಣ ಬರಲಿ ಅಂದರು. ಶ್ರಾವಣವೂ ಬಂತು. ಒಂದು ದಿನ ಹೋದರೆ, "ಇವತ್ತ ಶುಕ್ರವಾರ, ಲಕ್ಷ್ಮೀನ ಹೊರಗ ಕಳಸೂದಿಲ್ಲ" ಅಂದರು. ಇನ್ನೊಂದು ದಿನ ಸಂಜೆ ಹೋದೆ. "ದೀಪ ಹಚ್ಚಿದ ಮ್ಯಾಲ ರೊಕ್ಕ ಕೊಡಬಾರದವ್ವಾ, ನಾವೇನ್ ಪರಕೀ ಮಂದಿ ಏನ?" ಅಂದರು.

ದಸರಾ ಹೊತ್ತಿಗೆ ಸ್ಟೇಶನ್ ರೋಡಿನ ಒಂದು ಅಂಗಡಿಯಲ್ಲಿ ನನ್ನ ಬಾಕ್ಸು ಸಾಲಾಗಿ ಜೋಡಿಸಿಟ್ಟಿದ್ದನ್ನು ಕಂಡೆ. ನಾನೇ ಬರೆದ ದ್ರಾಕ್ಷಿ ಗೊಂಚಲು, ನಾನೇ ಆರಿಸಿದ ಹಸಿರು. ಅಂಗಡಿಯಾತ ಒಂದು ಕೈಗೆ ಕೊಟ್ಟು "ಪ್ಯಾಕಿಂಗ್ ಛಲೋ ಐತ್ರಿ" ಅಂದ. ನನಗೆ ಗಂಟಲು ಕಟ್ಟಿತು.

ಆ ರಾತ್ರಿ ಅಪ್ಪನಿಗೆ ಎಲ್ಲ ಹೇಳಿದೆ. ದ್ರಾಕ್ಷಿ ಒಯ್ದ ವ್ಯಾಪಾರಿ ದುಡ್ಡು ಕೊಡದೆ ಊರು ಬಿಟ್ಟು ಹೋಗುವುದನ್ನು ನಮ್ಮ ಕಡೆಯ ಬೆಳೆಗಾರರು ಕಂಡವರೇ, ಅಪ್ಪನಿಗೂ ಆ ಪೆಟ್ಟು ಬಿದ್ದಿದೆ. ಎಲ್ಲ ಕೇಳಿ ಅವರು ಕೇಳಿದ್ದು ಒಂದೇ ಮಾತು: "ಪಟ್ಟಿ ಎಲ್ಲೈತವ್ವಾ?"

ನನ್ನ ಹತ್ತಿರ ಪಟ್ಟಿ ಇರಲಿಲ್ಲ. ಬಿಲ್ಲನ್ನೇ ಕೊಟ್ಟಿರಲಿಲ್ಲ. ಫೋನು ತಡಕಾಡಿದಾಗ ಒಂದು ವಾಟ್ಸಾಪ್ ಸಂದೇಶ ಸಿಕ್ಕಿತು: "ತಂಗಿ, ಎಲ್ಲಾ ಛಲೋ ಆಗೈತಿ, ಪ್ರಿಂಟಿಗೆ ಕೊಟ್ಟೀವಿ." ಅದೊಂದೇ ಆಧಾರ. ತಾರೀಖು ಹಾಕಿ ಬಿಲ್ ಮಾಡಿ, ಆ ಸಂದೇಶದ ಪ್ರತಿ ಜೋಡಿಸಿ, ಅಂಚೆಯಲ್ಲಿ ಕಳಿಸಿದೆ. ದೀಪಾವಳಿ ಸಮೀಪಿಸಿತ್ತು. ಹಬ್ಬದ ಪೂಜೆಗೆ ಹೊಸ ಖಾತೆಪುಸ್ತಕ ಇಡುವ ಮುಂಚೆ ಹಳೆ ಲೆಕ್ಕ ಚುಕ್ತಾ ಮಾಡುವ ರೂಢಿ ಅನೇಕ ವ್ಯಾಪಾರಿಗಳಲ್ಲಿ ಇನ್ನೂ ಇದೆ. ಆ ವಾರ 10,000 ಬಂತು, ಯುಗಾದಿಗೆ 8,000. ಉಳಿದ 10,000 ಇವತ್ತಿನವರೆಗೂ ಬಂದಿಲ್ಲ, ಇನ್ನು ಬರುವುದೂ ಇಲ್ಲ. ಯಾಕೆ ಅಂದರೆ, ಬಾಕಿ ವಸೂಲಿಗೆ ಕೋರ್ಟಿಗೆ ಹೋಗಲು ಕಾನೂನಿನಲ್ಲಿ ಮೂರು ವರ್ಷದ ಗಡುವಿದೆ. 1963ರ ಕಾಲಮಿತಿ ಕಾಯ್ದೆ ಅದು. ನಾನು ಇವತ್ತು ನಾಳೆ ಅನ್ನುತ್ತ ಆ ಮೂರು ವರ್ಷ ಕಳೆದುಬಿಟ್ಟೆ. ಅವಧಿ ಮುಗಿಯುವ ಮೊದಲು "ಇಷ್ಟು ಬಾಕಿ ಇದೆ" ಅಂತ ಅವರ ಸಹಿ ಇರುವ ಒಂದು ಕಾಗದ ಪಡೆದಿದ್ದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತಿತ್ತು. ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ.

ಈಗ ಯೋಚಿಸಿ. ನಮ್ಮ ಕಡೆ ಮದುವೆಗೆ ಬಾಜಾ ಬಜಂತ್ರಿಯವರನ್ನು ಗೊತ್ತು ಮಾಡುವಾಗ ಸಂಚಕಾರ, ಅಂದರೆ ಮುಂಗಡ, ಕೊಡದೆ ಬರುತ್ತೇವೆಯೇ? ಪೆಂಡಾಲಿನವರಿಗೆ, ಅಡುಗೆಯವರಿಗೆ? ಹೊಲ ಖರೀದಿಗೆ ಸಂಚಕಾರ, ಎತ್ತು ಖರೀದಿಗೆ ಸಂಚಕಾರ. ಅದನ್ನು ಕೇಳಿದವನಿಗೆ ಆಸೆಬುರುಕ ಅಂತ ಯಾರೂ ಅನ್ನುವುದಿಲ್ಲ. ಕಂಪ್ಯೂಟರಿನಲ್ಲಿ ಕೂತು ಮಾಡುವ ಕೆಲಸಕ್ಕೆ ಮಾತ್ರ ಕೇಳಬಾರದು ಅನ್ನುವುದು ಎಲ್ಲಿಂದ ಬಂತು? "ಅದೇನ್ ಮಹಾ, ಕುಂತಲ್ಲೇ ಒತ್ತೂದಲ್ಲ" ಅನ್ನುವ ಮಾತು ನಾನು ಎಷ್ಟು ಸಲ ಕೇಳಿದ್ದೇನೋ. ಆ ಮಾತನ್ನು ನಾವೂ ಒಳಗೊಳಗೆ ನಂಬಿಬಿಟ್ಟಿದ್ದೇವೆ. ಕೇಳಲು ನಾಲಿಗೆ ಏಳದಿರುವುದು ಅದಕ್ಕೇ ಅಂತ ನನಗೆ ಅನಿಸುತ್ತದೆ.

ಈಗ ನಾನು ಮೂರರಲ್ಲಿ ಒಂದು ಪಾಲು ಸಂಚಕಾರ ಕೈಗೆ ಬರದೆ ಕಂಪ್ಯೂಟರ್ ಮುಂದೆ ಕೂರುವುದಿಲ್ಲ. ನಮೂನೆ ತೋರಿಸುವಾಗ ಚಿತ್ರದ ಮೇಲೆ ನನ್ನ ಹೆಸರು ಅಡ್ಡಡ್ಡ ಹೊಡೆದಿರುತ್ತೇನೆ. ಪ್ರಿಂಟಿಗೆ ಹೋಗುವ ಫೈಲು ಕೊನೆಯ ಕಂತು ಬಂದ ಮೇಲೆಯೇ. ಏನು ಕೆಲಸ, ಎಷ್ಟು ದುಡ್ಡು, ಎಷ್ಟು ಸಲ ತಿದ್ದಿ ಕೊಡುತ್ತೇನೆ, ಯಾವತ್ತಿನೊಳಗೆ ಹಣ ಕೊಡಬೇಕು, ನಾಲ್ಕು ಸಾಲು ಬರೆದು ಕಳಿಸಿ "ಒಪ್ಪಿಗೆ" ಅಂತ ಬರೆಸಿಕೊಳ್ಳುತ್ತೇನೆ. ಸಂಬಂಧಿಕರಿಗೂ ಇದೇ ಲೆಕ್ಕ. ಸಂಬಂಧಿಕರಿಗೆ ಇನ್ನೂ ಹೆಚ್ಚು ಬೇಕು, ಯಾಕಂದರೆ ಅಲ್ಲಿ ದುಡ್ಡು ಕೆಟ್ಟರೆ ದುಡ್ಡಿನ ಜೊತೆ ಹಬ್ಬದ ಊಟವೂ ಕೆಡುತ್ತದೆ.

ಕಾನೂನಿನ ಒಂದು ಮಾತು ವಿವರವಾಗಿ ಹೇಳಬೇಕು. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಅಂತ ಇದೆ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಆನ್‌ಲೈನಿನಲ್ಲಿ ಆಗುತ್ತದೆ, ಒಂದು ಪೈಸೆ ಶುಲ್ಕವಿಲ್ಲ. ಒಬ್ಬರೇ ಕೂತು ಸೇವೆ ಕೊಡುವ ನಮ್ಮಂಥವರೂ ಸೂಕ್ಷ್ಮ ಉದ್ಯಮ ಅಂತ ನೋಂದಾಯಿಸಬಹುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಮಾಲು ಅಥವಾ ಸೇವೆ ಪಡೆದವರು ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರನ್ನು ಇಂಥ ಬಾಕಿ ತಕರಾರು ಕೇಳುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನಿನಲ್ಲಿ ಸಲ್ಲಿಸಬಹುದು, ಮಾಹಿತಿಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಒಂದು ಎಚ್ಚರಿಕೆ: ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಆಗಿರಲಿ. ದುಡ್ಡು ಸಿಕ್ಕಿಬಿದ್ದ ಮೇಲೆ ಓಡಾಡಿದರೆ ಹಳೆ ಬಾಕಿಗೆ ಅದು ಉಪಯೋಗಕ್ಕೆ ಬರುವ ಭರವಸೆ ಇಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಹಾಕಿ. ಆದಾಯ ತೆರಿಗೆಯಲ್ಲೂ 2024-25ರ ಕರನಿರ್ಧಾರಣ ವರ್ಷದಿಂದ ಒಂದು ನಿಯಮ ಬಂದಿದೆ. ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು, ಅದನ್ನು ನಿಜವಾಗಿ ಕೊಡುವವರೆಗೆ, ವ್ಯಾಪಾರಿ ತನ್ನ ಖರ್ಚು ಅಂತ ತೋರಿಸಿ ತೆರಿಗೆ ಉಳಿಸುವ ಹಾಗಿಲ್ಲ. ಹಾಗಾಗಿ ನಿಮ್ಮ ಫೋನು ಎತ್ತದ ಸಾಹುಕಾರರು, ಮಾರ್ಚ್ ತಿಂಗಳಲ್ಲಿ ತಮ್ಮ ಲೆಕ್ಕಪರಿಶೋಧಕರ ಫೋನು ಎತ್ತಲೇಬೇಕು.

ಚೆಕ್ ಕೊಟ್ಟು ಅದು ವಾಪಸ್ ಬಂದರೆ ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಿ. ಅದು ಮುಟ್ಟಿದ ಮೇಲೆ ಅವರಿಗೆ 15 ದಿನ ಇರುತ್ತದೆ. ಕೊಡದಿದ್ದರೆ ನಂತರದ ಒಂದು ತಿಂಗಳಲ್ಲಿ ಕೋರ್ಟಿಗೆ ದೂರು. ದಿನ ತಪ್ಪಿಸಬೇಡಿ.

ಸಣ್ಣ ಮೊತ್ತಕ್ಕೆ ವಕೀಲರ ಖರ್ಚು ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ, ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂಡಿಸುತ್ತಾರೆ. ಅಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯ, ಅಂದರೆ ತೀರ್ಪಿನ, ಬೆಲೆಯಿದೆ. ಅಕ್ಕ ತಂಗಿಯರಿಗೆ ಇನ್ನೊಂದು ಮಾತು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅಂಗಡಿ ಕಟ್ಟೆಯ ಮೇಲೆ ತಾಸುಗಟ್ಟಲೆ ಕೂತು ಕಾಯಬೇಕಾಗಿಲ್ಲ.

ಫೇಸ್‌ಬುಕ್ಕಿನಲ್ಲಿ ಹೆಸರು ಹಾಕಿ ಬಯ್ಯುವುದು ಬೇಡ. ಸಿಟ್ಟಿನಲ್ಲಿ ನನಗೂ ಅನಿಸಿತ್ತು. ಬಾಕಿ ಕೇಳುವವರು ನಾವು ಅನ್ನುವುದು ಮರೆತುಹೋಗಿ, ಮಾನನಷ್ಟದ ದಾವೆಗೆ ಉತ್ತರ ಕೊಡಬೇಕಾದವರು ನಾವಾಗುತ್ತೇವೆ.

ಮೊದಲ ಸಲ ಸಂಚಕಾರ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಇಂಡಿ ಕಡೆಯ ಒಬ್ಬ ಹಿರಿಯರು, ನಿಂಬೆ ಉಪ್ಪಿನಕಾಯಿ ಬಾಟಲಿಗೆ ಲೇಬಲ್ ಬೇಕು ಅಂತ ಬಂದಿದ್ದರು. ದರ ಹೇಳಿದೆ. ಆಮೇಲೆ, "ಕಾಕಾ, ಮೂರನೇ ಒಂದು ಪಾಲು ಮೊದಲ ಕೊಡಬೇಕ್ರಿ" ಅಂದೆ. ಕೈ ಬೆವರುತ್ತಿತ್ತು. ಅವರು ಪಟಗ ಸರಿಮಾಡಿಕೊಂಡು, ಒಳ ಅಂಗಿಯ ಕಿಸೆಯಿಂದ ದುಡ್ಡು ತೆಗೆದು, ಬೆರಳಿಗೆ ಉಗುಳು ಹಚ್ಚಿ ಎರಡು ಸಲ ಎಣಿಸಿ ಮೇಜಿನ ಮೇಲೆ ಇಟ್ಟರು. ಇಟ್ಟವರು ಏಳಲಿಲ್ಲ. ಇನ್ನೇನು ಬೇಕಿತ್ತು ಅಂತ ನೋಡಿದೆ.

"ಪಾವತಿ ಕೊಡವ್ವಾ," ಅಂದರು, "ರೊಕ್ಕ ಕೊಟ್ಟೀನಲ್ಲ."

ಪಾವತಿ ಅಂದರೆ ರಸೀದಿ. ಪಾವತಿ ಪುಸ್ತಕ ನನ್ನ ಹತ್ತಿರ ಇರಲಿಲ್ಲ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿ ಕೊಟ್ಟೆ, ಅದರದೇ ಇನ್ನೊಂದು ಪ್ರತಿಗೆ ಅವರಿಂದ ಸಹಿ ಮಾಡಿಸಿಕೊಂಡೆ. ಮರುದಿನ ಪೇಟೆಗೆ ಹೋಗಿ ಒಂದು ತಂತಿ ತಂದು ಗೋಡೆಗೆ ಹಾಕಿದೆ. ಅದರ ಬುಡದಲ್ಲಿ ಇವತ್ತಿಗೂ ಮೊದಲ ಚೀಟಿ ಅದೇ.

ನಮಸ್ಕಾರ.