ಅವೇರ್, ಕಾನ್ಷಸ್, ಮೈಂಡ್‌ಫುಲ್: ಯಾವ ಪದ ಎಲ್ಲಿ?

ನಮಸ್ಕಾರ. ಮೊದಲು ಈ ವಾಕ್ಯ ನೋಡಿ.

[ಸ್ಕ್ರೀನ್ ಮೇಲೆ: "ಐ ಅವೇರ್ ಅಬೌಟ್ ದಿಸ್ ಪ್ರಾಬ್ಲಮ್."]

ಹೇಳಬೇಕಾದ್ದು ಅರ್ಥ ಆಗುತ್ತದೆ, ಅಲ್ವಾ? ಆದರೂ ಎರಡು ಕಡೆ ಎಡವಟ್ಟಾಗಿದೆ. "ಆಮ್" ಬಿಟ್ಟುಹೋಗಿದೆ. "ಆಫ್" ಇರಬೇಕಾದ ಜಾಗದಲ್ಲಿ "ಅಬೌಟ್" ಬಂದು ಕೂತಿದೆ. ಸರಿಯಾದ ವಾಕ್ಯ ಹೀಗಿರಬೇಕು: "ಐ ಆಮ್ ಅವೇರ್ ಆಫ್ ದಿಸ್ ಪ್ರಾಬ್ಲಮ್."

ಡಿಕ್ಷನರಿ ತೆಗೆದು ನೋಡಿದರೆ ಅವೇರ್, ಕಾನ್ಷಸ್, ಮೈಂಡ್‌ಫುಲ್, ಕಾಗ್ನಿಸೆಂಟ್ ಎಲ್ಲದರ ಮುಂದೆಯೂ ಹೆಚ್ಚುಕಮ್ಮಿ ಅದೇ ಅರ್ಥ ಬರೆದಿರುತ್ತಾರೆ. ಅರಿವುಳ್ಳ, ಗೊತ್ತಿರುವ, ಎಚ್ಚರವಿರುವ. ಅದನ್ನು ಬಾಯಿಪಾಠ ಮಾಡಿದರೆ ಅರ್ಥ ಗೊತ್ತಾಗುತ್ತದೆ, ವಾಕ್ಯ ಕಟ್ಟಲು ಬರುವುದಿಲ್ಲ. ಈ ಪದಗಳ ಹಿಂದೆ ಏನು ಬರುತ್ತದೆ, ಮುಂದೆ ಏನು ಬರುತ್ತದೆ ಅನ್ನುವುದರಲ್ಲೇ ಎಲ್ಲಾ ಇದೆ. ಇವತ್ತು ಅದನ್ನೇ ನೋಡೋಣ.

ಮೊದಲು "ಆಮ್" ಯಾಕೆ ಬಿಟ್ಟುಹೋಗುತ್ತದೆ ಅಂತ ನೋಡಿ. ಕನ್ನಡದಲ್ಲಿ ನಾವು "ನನಗೆ ಗೊತ್ತು" ಅನ್ನುತ್ತೇವೆ. ಅಲ್ಲಿಗೆ ವಾಕ್ಯ ಮುಗಿಯಿತು. ಅಥವಾ "ನನಗೆ ಅದರ ಅರಿವಿದೆ" ಅನ್ನುತ್ತೇವೆ. ಇಲ್ಲಿ ಅರಿವು ಅನ್ನುವುದು ಒಂದು ವಸ್ತು, ಅದು ನನಗೆ ಇದೆ. ಇದೇ ಲೆಕ್ಕದಲ್ಲಿ ಇಂಗ್ಲಿಷಿಗೆ ಹೋದರೆ "ಐ ಅವೇರ್" ಅಂತಲೋ "ಐ ಹ್ಯಾವ್ ಅವೇರ್" ಅಂತಲೋ ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅವೇರ್ ವಸ್ತುವೂ ಅಲ್ಲ, ಕ್ರಿಯಾಪದವೂ ಅಲ್ಲ. ಅದು ಗುಣವಾಚಕ. ಟಾಲ್, ಹ್ಯಾಪಿ, ಟೈರ್ಡ್ ಇದ್ದ ಹಾಗೆ. "ಐ ಟೈರ್ಡ್" ಅಂತ ಯಾರೂ ಹೇಳುವುದಿಲ್ಲ. "ಐ ಆಮ್ ಟೈರ್ಡ್." ಹಾಗೇ "ಐ ಆಮ್ ಅವೇರ್."

ಇದೊಂದು ತಲೆಯಲ್ಲಿ ಕೂತರೆ ಉಳಿದದ್ದು ತಾನಾಗಿ ಬರುತ್ತದೆ. ಪ್ರಶ್ನೆ ಕೇಳುವಾಗ "ಡು ಯು ಅವೇರ್?" ಅಲ್ಲ, "ಆರ್ ಯು ಅವೇರ್?" ಇಲ್ಲ ಅನ್ನುವಾಗ "ಐ ಡೋಂಟ್ ಅವೇರ್" ಅಲ್ಲ, "ಐ ಆಮ್ ನಾಟ್ ಅವೇರ್." ಹಿಂದಿನ ಮಾತಾದರೆ "ಐ ವಾಸ್ ಅವೇರ್." ಅವೇರ್ ಬದಲಾಗುವುದೇ ಇಲ್ಲ. ಬದಲಾಗುವುದು ಅದರ ಹಿಂದಿನ ಆಮ್, ಈಸ್, ಆರ್, ವಾಸ್ ಮಾತ್ರ.

ಈಗ "ಆಫ್" ಕಡೆ ಬರೋಣ.

[ಸ್ಕ್ರೀನ್ ಮೇಲೆ: "ಶಿ ಈಸ್ ಅವೇರ್ ಆಫ್ ದ ರಿಸ್ಕ್." / "ಶಿ ಈಸ್ ಅವೇರ್ ದಟ್ ದ ಬ್ರಿಡ್ಜ್ ಈಸ್ ಕ್ಲೋಸ್ಡ್."]

ಮೊದಲನೆಯದರಲ್ಲಿ ಅವೇರ್ ನಂತರ ಬಂದಿರುವುದು ಬರೀ ಒಂದು ನಾಮಪದ. ಅಪಾಯ. ಅದಕ್ಕೆ "ಆಫ್" ಬೇಕು. ಎರಡನೆಯದರಲ್ಲಿ ಒಂದು ಇಡೀ ವಾಕ್ಯವೇ ಬಂದಿದೆ. ಸೇತುವೆ ಮುಚ್ಚಿದೆ. ಅಲ್ಲಿ "ದಟ್" ಸಾಕು. ಎರಡನ್ನೂ ಸೇರಿಸಿ "ಅವೇರ್ ಆಫ್ ದಟ್ ದ ಬ್ರಿಡ್ಜ್ ಈಸ್ ಕ್ಲೋಸ್ಡ್" ಅಂದರೆ ತಪ್ಪು. ಆದರೆ "ಐ ಆಮ್ ಅವೇರ್ ಆಫ್ ದಟ್" ಅಂತ ಅಲ್ಲಿಗೇ ನಿಲ್ಲಿಸಿದರೆ ಸರಿ. ಯಾಕೆಂದರೆ ಅಲ್ಲಿ ದಟ್ ಅಂದರೆ "ಅದು". ನಾಮಪದದ ಜಾಗದಲ್ಲಿ ಅದು ಬಂದಿದೆ.

"ಅವೇರ್ ಅಬೌಟ್" ಅಂತ ತುಂಬಾ ಜನ ಬರೆಯುತ್ತಾರೆ, ನೀವೂ ಓದಿರುತ್ತೀರಿ. ಅದಕ್ಕೆ ಬೈಯುತ್ತಾ ಕೂರುವುದು ಬೇಡ. ಆದರೆ ಪರೀಕ್ಷೆ, ಅರ್ಜಿ, ಆಫೀಸ್ ಇಮೇಲ್ ಬರೆಯುವಾಗ "ಆಫ್" ಅನ್ನೇ ಹಾಕಿ. ಅಲ್ಲಿ ಯಾರೂ ಕೆಂಪು ಗೆರೆ ಎಳೆಯುವುದಿಲ್ಲ.

ಇನ್ನೊಂದು ವಿಚಾರ. "ಆನ್ ಅವೇರ್ ಪರ್ಸನ್" ಅಂತ ಕೇಳಿದರೆ ಕಿವಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ಅವೇರ್ ಸಾಮಾನ್ಯವಾಗಿ ಒಂಟಿಯಾಗಿ ನಾಮಪದದ ಮುಂದೆ ನಿಲ್ಲುವುದಿಲ್ಲ. ಜೊತೆಗೊಂದು ಪದ ಬೇಕು. "ಪೊಲಿಟಿಕಲಿ ಅವೇರ್ ಸ್ಟೂಡೆಂಟ್ಸ್" ಅಂದರೆ ಸರಿಹೋಗುತ್ತದೆ. ಅಸ್ಲೀಪ್, ಅಲೈವ್, ಅಫ್ರೇಡ್ ಕೂಡ ಇದೇ ಜಾತಿ. ಮಲಗಿರುವ ಮಗುವನ್ನು "ಆನ್ ಅಸ್ಲೀಪ್ ಚೈಲ್ಡ್" ಅನ್ನುವುದಿಲ್ಲ, "ಎ ಸ್ಲೀಪಿಂಗ್ ಚೈಲ್ಡ್" ಅನ್ನುತ್ತಾರೆ. ಸುಮ್ನೆ ಕುತೂಹಲಕ್ಕೆ ಹೇಳುತ್ತೇನೆ: ಅಸ್ಲೀಪ್‌ನಲ್ಲಿರುವ "ಅ" ಹಳೆಯ ಇಂಗ್ಲಿಷಿನ "ಆನ್" ಸವೆದು ಆದದ್ದು. ಅವೇರ್ ಬಂದದ್ದು "ಗೆವ್ಯಾರ್" ಅನ್ನುವ ಹಳೆಯ ಪದದಿಂದ. ಬೇರೆ ಬೇರೆ ಕಡೆಯಿಂದ ಬಂದವು ಈಗ ಒಂದೇ ಸಾಲಿನಲ್ಲಿ ನಿಂತಿವೆ.

ವ್ಯಾಕರಣಕ್ಕಿಂತ ಜಾಸ್ತಿ ಜನ ಎಡವುವುದು ಧಾಟಿಯಲ್ಲಿ. "ಐ ಆಮ್ ವೆಲ್ ಅವೇರ್ ಆಫ್ ದಟ್" ಅಂದರೆ ಅರ್ಥ "ನನಗೆ ಅದು ಚೆನ್ನಾಗಿ ಗೊತ್ತು." ಆದರೆ ಕೇಳುವವರಿಗೆ "ನೀವೇನೂ ಹೇಳಿಕೊಡಬೇಕಾಗಿಲ್ಲ" ಅನ್ನುವ ಸಿಡುಕು ಕೇಳಿಸಬಹುದು. "ಆರ್ ಯು ಅವೇರ್ ದಟ್ ಯು ಆರ್ ಲೇಟ್?" ಅಂದರಂತೂ ವಿಚಾರಣೆ ನಡೆದ ಹಾಗಿರುತ್ತದೆ. ಮಾಹಿತಿ ಕೇಳಬೇಕಾದರೆ "ಡಿಡ್ ಯು ನೋ" ಸಾಕು. ಹಾಗಂತ ಅವೇರ್ ಯಾವಾಗಲೂ ಗಡಸು ಅಲ್ಲ. "ಆಸ್ ಫಾರ್ ಆಸ್ ಐ ಆಮ್ ಅವೇರ್" ಅಂದರೆ "ನನಗೆ ಗೊತ್ತಿರುವ ಮಟ್ಟಿಗೆ". ಖಾತ್ರಿ ಇಲ್ಲದ ಕಡೆ ನಯವಾಗಿ ಹೇಳಲು ಇದು ತುಂಬಾ ಉಪಯೋಗ.

ಈಗ ಕಾನ್ಷಸ್. ನನಗೆ ಇದೇ ಜಾಸ್ತಿ ಇಷ್ಟ, ಯಾಕೆಂದರೆ ಕನ್ನಡ ಮಾತಿನಲ್ಲೇ ಇದು ಸೇರಿಹೋಗಿದೆ, ಅದೂ ಬೇರೆ ಅರ್ಥದಲ್ಲಿ. "ಕ್ಯಾಮೆರಾ ಮುಂದೆ ಅವನು ಕಾನ್ಷಸ್ ಆಗಿಬಿಡ್ತಾನೆ" ಅನ್ನುತ್ತೇವೆ. ಅಂದರೆ ಮುಜುಗರ ಪಡುತ್ತಾನೆ, ಕೈ ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ "ಸೆಲ್ಫ್-ಕಾನ್ಷಸ್" ಅನ್ನಬೇಕು. "ಸೆಲ್ಫ್" ಬಿಟ್ಟು "ಡೋಂಟ್ ಬಿ ಕಾನ್ಷಸ್" ಅಂದರೆ, ಪಾಪ, ಅವನನ್ನು ಪ್ರಜ್ಞೆ ತಪ್ಪು ಅಂದ ಹಾಗಾಯಿತು!

ಯಾಕೆಂದರೆ ಕಾನ್ಷಸ್ ಒಂಟಿಯಾಗಿ ಬಂದಾಗ ಅದರ ಮೊದಲ ಅರ್ಥವೇ ಪ್ರಜ್ಞೆ ಇರುವುದು. "ದ ಪೇಷಂಟ್ ಈಸ್ ಕಾನ್ಷಸ್." ಆಸ್ಪತ್ರೆಯಲ್ಲಿ ಇದನ್ನು ಅಳೆಯುವ ಕ್ರಮವೂ ಇದೆ. 1974ರಲ್ಲಿ ಗ್ಲಾಸ್ಗೋದ ಇಬ್ಬರು ವೈದ್ಯರು, ಟೀಸ್‌ಡೇಲ್ ಮತ್ತು ಜೆನೆಟ್, ಪ್ರಕಟಿಸಿದ ಗ್ಲಾಸ್ಗೋ ಕೋಮಾ ಸ್ಕೇಲ್. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಕೈಕಾಲು ಆಡಿಸುತ್ತಾರಾ ಅಂತ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 15 ಅಂದರೆ ಪೂರ್ತಿ ಎಚ್ಚರ. ಪ್ರಜ್ಞೆ ತಪ್ಪಿದರೆ "ಲಾಸ್ಟ್ ಕಾನ್ಷಸ್‌ನೆಸ್", ಮರಳಿ ಬಂದರೆ "ರಿಗೇನ್ಡ್ ಕಾನ್ಷಸ್‌ನೆಸ್". ಇಲ್ಲಿ ಅವೇರ್ ಹಾಕಲು ಆಗುವುದೇ ಇಲ್ಲ.

ಇದರ ಎರಡನೇ ಅರ್ಥಕ್ಕೆ ಅವೇರ್ ತರಹವೇ "ಆಫ್" ಅಥವಾ "ದಟ್" ಬೇಕು. ಹಾಗಾದರೆ ವ್ಯತ್ಯಾಸ ಏನು? ಒಂದು ಮೀಟಿಂಗ್ ನಡೆಯುತ್ತಿದೆ ಅಂದುಕೊಳ್ಳಿ. ಗಂಟೆ ಮೀರುತ್ತಿದೆ.

[ಸ್ಕ್ರೀನ್ ಮೇಲೆ: "ಐ ಆಮ್ ಅವೇರ್ ಆಫ್ ದ ಟೈಮ್." / "ಐ ಆಮ್ ಕಾನ್ಷಸ್ ಆಫ್ ದ ಟೈಮ್."]

ಮೊದಲನೆಯದು: ಎಷ್ಟು ಹೊತ್ತಾಗಿದೆ ಅಂತ ನನಗೆ ಗೊತ್ತು. ಅಷ್ಟೇ, ಒಂದು ಮಾಹಿತಿ. ಎರಡನೆಯದು: ಹೊತ್ತಾಗುತ್ತಿದೆ ಅನ್ನುವುದು ನನ್ನ ತಲೆಯಲ್ಲಿ ಈಗ ಓಡುತ್ತಾ ಇದೆ, ಸ್ವಲ್ಪ ಚಡಪಡಿಕೆಯೂ ಇದೆ. ಮೀಟಿಂಗಿನಲ್ಲಿ ಯಾರಾದರೂ ಎರಡನೆಯದನ್ನು ಹೇಳಿದರೆ "ಬೇಗ ಮುಗಿಸೋಣ" ಅಂತಲೇ ಅರ್ಥ. ನೀವು ಇನ್ನೊಂದು ಸ್ಲೈಡ್ ತೆಗೆಯಬೇಡಿ. ಎರಡು ಪದಗಳ ನಡುವಿನ ಗೆರೆ ಎಲ್ಲಾ ಕಡೆ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಎಷ್ಟೋ ಕಡೆ ಯಾವುದು ಹಾಕಿದರೂ ನಡೆಯುತ್ತದೆ.

ಅವೇರ್‌ಗೆ ಆಗದ ಒಂದು ಕೆಲಸ ಕಾನ್ಷಸ್‌ಗೆ ಆಗುತ್ತದೆ. ಅದು ನಾಮಪದದ ಮುಂದೆ ಆರಾಮಾಗಿ ನಿಲ್ಲುತ್ತದೆ. "ಎ ಕಾನ್ಷಸ್ ಡಿಸಿಷನ್", ಅಂದರೆ ಯೋಚಿಸಿ, ಬೇಕೆಂದೇ ತೆಗೆದುಕೊಂಡ ನಿರ್ಧಾರ. "ಎ ಕಾನ್ಷಸ್ ಎಫರ್ಟ್" ಅಂದರೆ ಗಮನವಿಟ್ಟು ಮಾಡಿದ ಪ್ರಯತ್ನ. ಇನ್ನು ಹೆಲ್ತ್-ಕಾನ್ಷಸ್, ಪ್ರೈಸ್-ಕಾನ್ಷಸ್ ಥರದ ಜೋಡಿ ಪದಗಳಲ್ಲಿ ಬರೀ ತಿಳಿವಳಿಕೆ ಸಾಲದು. ಆ ವಿಷಯಕ್ಕೆ ಮಹತ್ವ ಕೊಡುವವರು ಅಂತ ಅರ್ಥ. ಸಿಗರೇಟಿನಿಂದ ಏನಾಗುತ್ತದೆ ಅಂತ ಗೊತ್ತಿದ್ದೂ ಸೇದುವವನು "ಅವೇರ್ ಆಫ್ ದ ಡೇಂಜರ್" ಹೌದು, "ಹೆಲ್ತ್-ಕಾನ್ಷಸ್" ಅಲ್ಲ.

ಸೆಲ್ಫ್-ಕಾನ್ಷಸ್ ಅಂದೆನಲ್ಲ, ಅದರ ಪಕ್ಕದಲ್ಲೇ ಸೆಲ್ಫ್-ಅವೇರ್ ಇದೆ. ಅದು ಹೊಗಳಿಕೆ. ತನ್ನ ಗುಣ, ದೋಷ, ಸಿಟ್ಟು ಎಲ್ಲಾ ತನಗೇ ಚೆನ್ನಾಗಿ ಗೊತ್ತಿರುವ ಮನುಷ್ಯ. ಇಂಟರ್‌ವ್ಯೂನಲ್ಲಿ ನಿಮ್ಮ ಬಗ್ಗೆ ಹೇಳುವಾಗ ಇವೆರಡನ್ನು ಅದಲುಬದಲು ಮಾಡಬೇಡಿ.

ಕಾನ್ಷಸ್ ಕುಟುಂಬದಲ್ಲಿ ಇನ್ನಿಬ್ಬರಿದ್ದಾರೆ. ಕಾನ್ಷನ್ಸ್ ಅಂದರೆ ಮನಸ್ಸಾಕ್ಷಿ. ಇದರ ಸ್ಪೆಲ್ಲಿಂಗ್‌ನ ಕೊನೆಗೆ "ಸೈನ್ಸ್" ಕಾಣುತ್ತದೆ, ಹಾಗಾಗಿ ಕಾನ್-ಸೈನ್ಸ್ ಅಂತ ಓದುವವರಿದ್ದಾರೆ. ಉಚ್ಚಾರ ಕಾನ್ಷನ್ಸ್. ಆದರೆ ಕಣ್ಣು ಸುಳ್ಳು ಹೇಳಿಲ್ಲ. ಸೈನ್ಸ್, ಕಾನ್ಷನ್ಸ್, ಕಾನ್ಷಸ್ ಮೂರಕ್ಕೂ "ತಿಳಿ" ಅನ್ನುವ ಅರ್ಥದ ಒಂದೇ ಲ್ಯಾಟಿನ್ ಮೂಲ. ಇನ್ನೊಂದು ಕಾನ್ಷಿಎನ್ಷಸ್. ಕೆಲಸವನ್ನು ಶ್ರದ್ಧೆಯಿಂದ, ಅಚ್ಚುಕಟ್ಟಾಗಿ ಮಾಡುವವರಿಗೆ ಇದನ್ನು ಬಳಸುತ್ತಾರೆ. "ಶಿ ಈಸ್ ಎ ಕಾನ್ಷಿಎನ್ಷಸ್ ವರ್ಕರ್."

ಮೈಂಡ್‌ಫುಲ್ ಬೇರೆ ಥರ. ಇಲ್ಲಿ ಗೊತ್ತಿದ್ದರೆ ಸಾಲದು, ಗೊತ್ತಿದ್ದಂತೆ ನಡೆದುಕೊಳ್ಳಬೇಕು.

[ಸ್ಕ್ರೀನ್ ಮೇಲೆ: "ಹಿ ವಾಸ್ ಅವೇರ್ ದಟ್ ದ ಬೇಬಿ ವಾಸ್ ಅಸ್ಲೀಪ್, ಬಟ್ ಹಿ ವಾಸ್ ನಾಟ್ ಮೈಂಡ್‌ಫುಲ್ ಆಫ್ ದ ನಾಯ್ಸ್."]

ಮಗು ಮಲಗಿದೆ ಅಂತ ಅವನಿಗೆ ಗೊತ್ತಿತ್ತು. ಆದರೂ ಸದ್ದು ಮಾಡುವುದರ ಮೇಲೆ ನಿಗಾ ಇರಲಿಲ್ಲ. ಬಾಗಿಲು ಧಡ್ ಅಂತ ಹಾಕಿದ, ಫೋನಿನಲ್ಲಿ ಜೋರಾಗಿ ಮಾತಾಡಿದ. ಅವೇರ್ ಆಗಿದ್ದ, ಮೈಂಡ್‌ಫುಲ್ ಆಗಿರಲಿಲ್ಲ. ಇದರ ಜೊತೆಗೂ "ಆಫ್" ಬೇಕು.

ಈಗ ಮೈಂಡ್‌ಫುಲ್‌ನೆಸ್ ಅಂದ ಕೂಡಲೇ ಕಣ್ಣು ಮುಚ್ಚಿ ಕೂತವರು ನೆನಪಾಗುತ್ತಾರೆ. ಅದಕ್ಕೂ ಕಾರಣ ಇದೆ. ಪಾಲಿ ಭಾಷೆಯ "ಸತಿ", ಅಂದರೆ ಸಂಸ್ಕೃತದ "ಸ್ಮೃತಿ", ಅದಕ್ಕೆ 1881ರಲ್ಲಿ ರೀಸ್ ಡೇವಿಡ್ಸ್ ಅನ್ನುವ ವಿದ್ವಾಂಸರು ಮೈಂಡ್‌ಫುಲ್‌ನೆಸ್ ಅಂತ ಅನುವಾದ ಮಾಡಿದರು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಇದನ್ನೇ ಆಧಾರ ಮಾಡಿಕೊಂಡು ರೋಗಿಗಳಿಗೆ ಒತ್ತಡ ಕಡಿಮೆ ಮಾಡುವ ಕಾರ್ಯಕ್ರಮ ಶುರುಮಾಡಿದರು. ಆದರೆ ಆಫೀಸಿನ ನೋಟಿಸಿನಲ್ಲಿ "ಪ್ಲೀಸ್ ಬಿ ಮೈಂಡ್‌ಫುಲ್ ಆಫ್ ಅದರ್ಸ್" ಅಂತ ಇದ್ದರೆ ಧ್ಯಾನ ಮಾಡಿ ಅಂತ ಅಲ್ಲ. ಬೇರೆಯವರಿಗೆ ತೊಂದರೆ ಆಗದಂತೆ ನೋಡಿಕೊಳ್ಳಿ ಅಂತ.

ಕಾಗ್ನಿಸೆಂಟ್ ಬಗ್ಗೆ ಒಂದೇ ಮಾತು. ಅದು ಅವೇರ್‌ಗೆ ಕೋಟು ಹಾಕಿದ ರೂಪ. "ಕಾಗ್ನಿಸೆಂಟ್ ಆಫ್ ದ ಫ್ಯಾಕ್ಟ್ಸ್" ಅಂತ ವರದಿಯಲ್ಲಿ ಬರೆಯಿರಿ, ಗೆಳೆಯರ ಹತ್ತಿರ ಹೇಳಬೇಡಿ.

ಸೆಂಟಿಯೆಂಟ್ ಅಂದರೆ ನೋವು, ಸುಖ ಅನುಭವಿಸುವ ಶಕ್ತಿ ಇರುವ ಜೀವ. ಇದರ ಜೊತೆ "ಆಫ್" ಬರುವುದಿಲ್ಲ, ಯಾಕೆಂದರೆ ಇದು ಯಾವುದೋ ಒಂದು ವಿಷಯದ ಅರಿವಲ್ಲ. ಬ್ರಿಟನ್ನಿನಲ್ಲಿ 2022ರ ಒಂದು ಕಾನೂನು ಬೆನ್ನುಮೂಳೆ ಇರುವ ಪ್ರಾಣಿಗಳ ಜೊತೆಗೆ ಆಕ್ಟೋಪಸ್, ಏಡಿ, ಸಿಗಡಿಗಳನ್ನೂ ಸೆಂಟಿಯೆಂಟ್ ಪಟ್ಟಿಗೆ ಸೇರಿಸಿತು. ಕಂಪ್ಯೂಟರ್ ಸೆಂಟಿಯೆಂಟಾ ಅನ್ನುವ ಜಗಳಕ್ಕೆ ಇವತ್ತು ಕೈ ಹಾಕುವುದಿಲ್ಲ.

ಇಲ್ಲಿವರೆಗೆ ನೋಡಿದ್ದೆಲ್ಲಾ ಸ್ಥಿತಿ. "ಗೊತ್ತಿತ್ತು" ಅನ್ನುವುದು. "ಗೊತ್ತಾಯಿತು" ಅನ್ನಬೇಕಾದರೆ? "ಐ ವಾಸ್ ಅವೇರ್" ಅಂದರೆ ಮೊದಲೇ ಗೊತ್ತಿತ್ತು. "ಐ ಬಿಕೇಮ್ ಅವೇರ್" ಅಂದರೆ ಆಗ ಗೊತ್ತಾಯಿತು. ಮಾತಿನಲ್ಲಿ ಇದಕ್ಕಿಂತ ನೋಟಿಸ್, ರಿಯಲೈಸ್ ಜಾಸ್ತಿ ಕೇಳಿಸುತ್ತವೆ. ನೋಟಿಸ್ ಕಣ್ಣಿಗೆ ಬೀಳುವುದು, ಕಿವಿಗೆ ಬೀಳುವುದು. ರಿಯಲೈಸ್ ತಲೆಗೆ ಹೊಳೆಯುವುದು. "ಐ ನೋಟಿಸ್ಡ್ ದಟ್ ದ ಡೋರ್ ವಾಸ್ ಓಪನ್. ದೆನ್ ಐ ರಿಯಲೈಸ್ಡ್ ದಟ್ ಸಮ್‌ಒನ್ ವಾಸ್ ಇನ್‌ಸೈಡ್." ಬಾಗಿಲು ತೆರೆದಿರುವುದು ಕಂಡಿತು. ಒಳಗೆ ಯಾರೋ ಇದ್ದಾರೆ ಅನ್ನುವುದು ಹೊಳೆಯಿತು. ಇವೆರಡೂ ಕ್ರಿಯಾಪದ, ಹಾಗಾಗಿ ಇಲ್ಲಿ ಆಮ್, ವಾಸ್ ಬೇಡ. "ಆಫ್" ಕೂಡ ಬೇಡ.

ಕೊನೆಗೆ ಬಿವೇರ್. ಗೇಟಿನ ಮೇಲೆ "ಬಿವೇರ್ ಆಫ್ ದ ಡಾಗ್" ಅಂತ ಇರುತ್ತದೆ. "ಬಿ ಅವೇರ್" ಅಂದರೆ ತಿಳಿದಿರಲಿ, "ಬಿವೇರ್" ಅಂದರೆ ಹುಷಾರು. ಇದು ಕ್ರಿಯಾಪದವೇ, ಆದರೆ ಈಗಿನ ಇಂಗ್ಲಿಷಿನಲ್ಲಿ ಇದಕ್ಕೆ ಬೇರೆ ರೂಪಗಳೇ ಇಲ್ಲ. "ಬಿವೇರ್ಡ್" ಇಲ್ಲ, "ಬಿವೇರಿಂಗ್" ಇಲ್ಲ, "ಹಿ ಬಿವೇರ್ಸ್" ಕೂಡ ಇಲ್ಲ. ಆಜ್ಞೆ ಕೊಡುವಾಗ, ಇಲ್ಲವೇ "ಟು", "ಮಸ್ಟ್" ಥರದ ಪದಗಳ ಜೊತೆ ಮಾತ್ರ ಬರುತ್ತದೆ. ನಿನ್ನೆ ಹುಷಾರಾಗಿದ್ದೆ ಅನ್ನಬೇಕಾದರೆ "ಐ ವಾಸ್ ಕೇರ್‌ಫುಲ್" ಅನ್ನಿ.

ಈಗ ನಿಮ್ಮ ಸರದಿ. ವಿಡಿಯೋ ನಿಲ್ಲಿಸಿ, ಈ ಮೂರನ್ನೂ ಸರಿ ಮಾಡಿ.

[ಸ್ಕ್ರೀನ್ ಮೇಲೆ: "ದ ಮ್ಯಾನೇಜರ್ ಡಸ್ ನಾಟ್ ಅವೇರ್ ದ ಡಿಲೇ." / "ಐ ಫೀಲ್ ಕಾನ್ಷಸ್ ವೆನ್ ಪೀಪಲ್ ಸ್ಟೇರ್ ಅಟ್ ಮಿ." / "ವಿ ಆರ್ ಅವೇರ್ ಆಫ್ ದಟ್ ಯು ಆರ್ ಬ್ಯುಸಿ."]

ಆಯಿತಾ? ಮೊದಲನೆಯದು "ದ ಮ್ಯಾನೇಜರ್ ಈಸ್ ನಾಟ್ ಅವೇರ್ ಆಫ್ ದ ಡಿಲೇ." "ಈಸ್ ಅನ್‌ಅವೇರ್ ಆಫ್" ಅಂದರೂ ಸರಿ. ಎರಡನೆಯದಕ್ಕೆ "ಸೆಲ್ಫ್-ಕಾನ್ಷಸ್" ಬೇಕು. ಮೂರನೆಯದರಲ್ಲಿ "ಆಫ್" ತೆಗೆದುಹಾಕಿ: "ವಿ ಆರ್ ಅವೇರ್ ದಟ್ ಯು ಆರ್ ಬ್ಯುಸಿ."