ಮೊದಲು ಬಾಚಣಿಗೆ, ಆಮೇಲೆ ಬಕೆಟ್ಟು

ಕೇಳುಗರೇ, ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ ಒಂದು ಪಾಮೆರೇನಿಯನ್ ನಾಯಿ ಇದೆ. ಹೆಸರು ಮುತ್ತು. ಅದಕ್ಕೀಗ ಏಳು ವರ್ಷ. ಮೈತುಂಬ ಬಿಳಿ ಕೂದಲು. ನಾವಿರುವುದು ಕೋಲಾರದಲ್ಲಿ, ನೀರಿನ ಕಥೆ ನಿಮಗೆ ಗೊತ್ತೇ ಇದೆ. ಸಂಪಿನಲ್ಲಿ ಎಷ್ಟಿದೆ ಅಂತ ಬಗ್ಗಿ ನೋಡಿಯೇ ಬಟ್ಟೆ ನೆನೆಸುವ ಊರು ಇದು. ಹಾಗಾಗಿ ಮುತ್ತುನ ನೋಡಿದವರು ಮೊದಲು ಕೇಳುವುದೇ, ‘ಇದಕ್ಕೆ ಸ್ನಾನ ಮಾಡಿಸೋಕೆ ಎಷ್ಟು ಬಕೆಟ್ ನೀರು ಬೇಕು?’ ಅಂತ. ಒಂದೂವರೆ ಬಕೆಟ್, ಅದೂ ತಿಂಗಳಿಗೊಂದು ಸಲ ಅಂದರೆ ನಂಬುವುದಿಲ್ಲ.

ಮೊದಮೊದಲು ಹೀಗಿರಲಿಲ್ಲ. ವಾರಕ್ಕೊಂದು ಸ್ನಾನ ಮಾಡಿಸುತ್ತಿದ್ದೆ, ನಾವು ತಲೆಗೆ ಹಾಕುವ ಶಾಂಪೂನೇ ಅದಕ್ಕೂ. ಎರಡು ತಿಂಗಳಲ್ಲಿ ಮೈಯೆಲ್ಲ ಹೊಟ್ಟು, ರಾತ್ರಿಯಿಡೀ ಕೆರೆತ. ಪಶುವೈದ್ಯರ ಹತ್ತಿರ ಹೋದಾಗ ಅವರು ಬಿಡಿಸಿ ಹೇಳಿದರು. ನಮ್ಮ ಚರ್ಮದಲ್ಲಿ ಆಮ್ಲದ ಗುಣ ಜಾಸ್ತಿ, ನಾಯಿ ಚರ್ಮದಲ್ಲಿ ಅಷ್ಟಿಲ್ಲ. ನಮಗೆ ಹೊಂದುವ ಶಾಂಪೂ ಅದಕ್ಕೆ ಹೊಂದುವುದಿಲ್ಲ, ಚರ್ಮದ ಎಣ್ಣೆ ತೊಳೆದು ಹೋಗಿ ಒಣಗುತ್ತದೆ. ಇದರ ಮೇಲೆ ನಮ್ಮದು ಗಡಸು ನೀರು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಕೂದಲಿಗೆ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ತೆಗೆಯೋಕೆ ಮತ್ತೆ ನೀರು, ಮತ್ತೆ ನೀರು.

ಉದ್ದ ಕೂದಲಿನ ಪ್ರಾಣಿಗೆ ಬೇಕಾಗಿರುವುದು ನೀರಲ್ಲ, ಬಾಚಣಿಗೆ ಅಂತ ನನಗೆ ಅರ್ಥವಾಗಿದ್ದು ಅಲ್ಲಿಂದ. ದಿನಾ ಹತ್ತು ನಿಮಿಷ. ಒಣ ಕೂದಲನ್ನು ಬಾಚಿದರೆ ಧೂಳು ಉದುರುತ್ತದೆ, ಸತ್ತ ಕೂದಲು ಬರುತ್ತದೆ, ಚರ್ಮದ ಎಣ್ಣೆ ಕೂದಲಿಗೆಲ್ಲ ಹರಡಿ ಹೊಳಪು ಬರುತ್ತದೆ. ಮೇಲೆ ಮೇಲೆ ಸವರಿದರೆ ಪ್ರಯೋಜನ ಇಲ್ಲ. ಒಂದು ಕೈಯಲ್ಲಿ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿಯಿರಿ, ಚರ್ಮ ಕಾಣಬೇಕು, ನಾವು ಬೈತಲೆ ತೆಗೆದ ಹಾಗೆ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕೂದಲನ್ನು ಕೆಳಗೆ ಬಿಡುತ್ತಾ ಬಾಚುತ್ತಾ ಬನ್ನಿ. ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ ಒಂದಿದ್ದರೆ ವರ್ಷಗಟ್ಟಲೆ ಬಾಳುತ್ತದೆ, ಪ್ಲಾಸ್ಟಿಕ್ ಬ್ರಷ್ ಥರ ಹಲ್ಲು ಮುರಿದು ಕಸಕ್ಕೆ ಹೋಗುವುದಿಲ್ಲ. ಚಿಗಟ ಇದೆಯಾ ಅಂತ ನೋಡೋಕೆ ಅಜ್ಜಿ ಕಾಲದ ಸೀರಣಿಗೆ ಸಾಕು.

ಸಿಕ್ಕು ಕಟ್ಟುವ ಜಾಗಗಳೂ ಗೊತ್ತಿರಬೇಕು. ಕಿವಿಯ ಹಿಂದೆ, ಕಂಕುಳಲ್ಲಿ, ಕತ್ತುಪಟ್ಟಿಯ ಕೆಳಗೆ, ಹಿಂದಿನ ತೊಡೆ, ಬಾಲದ ಬುಡ. ಅಂತರಗಂಗೆ ಬೆಟ್ಟದ ಕಡೆ ವಾಕಿಂಗ್ ಹೋಗಿ ಬಂದರೆ ಮುತ್ತು ಹೊಟ್ಟೆಯ ಕೆಳಗೆಲ್ಲ ಉತ್ತರಾಣಿ ಬೀಜ, ಕಾಲ್ಬೆರಳ ಸಂದಿಯಲ್ಲಿ ನೆಗ್ಗಿಲು ಮುಳ್ಳು. ಅವತ್ತೇ ತೆಗೆಯಬೇಕು. ನಾಳೆ ನೋಡೋಣ ಅಂತ ಬಿಟ್ಟರೆ ಅದರ ಸುತ್ತ ಕೂದಲು ಸುತ್ತಿಕೊಂಡು ಗಂಟಾಗುತ್ತದೆ, ಆ ಗಂಟಿಗೆ ನೀರು ತಾಗಿದರಂತೂ ಇನ್ನೂ ಬಿಗಿಯುತ್ತದೆ. ಬಾಚದೆ ಸ್ನಾನ ಮಾಡಿಸಬೇಡಿ ಅನ್ನುವುದು ಇದಕ್ಕೇ. ಗಂಟು ಬಿಡಿಸುವಾಗ ಕೂದಲಿನ ಬುಡವನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡರೆ ಚರ್ಮ ಜಗ್ಗುವುದಿಲ್ಲ, ನೋವಾಗುವುದಿಲ್ಲ. ಒಂದು ಚಿಟಿಕೆ ಕಾರ್ನ್ ಫ್ಲೋರ್ ಉದುರಿಸಿ ಬೆರಳಲ್ಲೇ ಬಿಡಿಸಿದರೆ ಜಾರುತ್ತದೆ. ಕತ್ತರಿ ಮಾತ್ರ ಹಾಕಬೇಡಿ. ಗಂಟಿನೊಳಗೆ ಚರ್ಮವೂ ಮೇಲೆ ಎಳೆದುಕೊಂಡಿರುತ್ತದೆ, ನಮಗೆ ಕಾಣುವುದಿಲ್ಲ.

ಇನ್ನು ಸ್ನಾನ. ನಮ್ಮ ಮನೆಯಲ್ಲಿ ಅಂಟುವಾಳ. ರೇಷ್ಮೆ ಸೀರೆ ಒಗೆಯೋಕೆ, ಬೆಳ್ಳಿ ಸಾಮಾನು ತೊಳೆಯೋಕೆ ನಮ್ಮ ಹಿರಿಯರು ಇಟ್ಟುಕೊಳ್ಳುತ್ತಿದ್ದದ್ದೇ. ಹತ್ತು ಕಾಯಿ ಬೀಜ ತೆಗೆದು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಬಟ್ಟೆಯಲ್ಲಿ ಸೋಸುತ್ತೇನೆ. ಅದಕ್ಕೆ ಇನ್ನಷ್ಟು ನೀರು ಬೆರೆಸಿ ತೆಳುವಾಗಿಯೇ ಹಾಕುವುದು. ಕಣ್ಣಿಗೆ ಬಿದ್ದರೆ ಭಯಂಕರ ಉರಿ, ಅದಕ್ಕೇ ಮುಖಕ್ಕೆ ಬರೀ ಒದ್ದೆ ಬಟ್ಟೆ. ನೆಕ್ಕುವುದಕ್ಕೆ ಬಿಡದೆ ಪೂರ್ತಿ ತೊಳೆಯಬೇಕು. ಉಳಿದದ್ದು ಫ್ರಿಜ್ಜಿನಲ್ಲಿ ಮೂರು ದಿನ, ಆಮೇಲೆ ಚೆಲ್ಲಿಬಿಡಿ, ಕೆಡುತ್ತದೆ. ಮಳೆನೀರು ಹಿಡಿದಿಟ್ಟುಕೊಂಡವರು ಕೊನೆಯ ಮಗ್ಗುಗಳಿಗೆ ಆ ನೀರನ್ನೇ ಬಳಸಿ. ಅದು ಮೆದು ನೀರು, ಬೇಗ ತೊಳೆಯುತ್ತದೆ. ಅಂಟುವಾಳ ಮಾಡುವ ಪುರುಸೊತ್ತು ಇಲ್ಲದವರು ನಾಯಿಗೆಂದೇ ಇರುವ, ಜಾಸ್ತಿ ಪರಿಮಳ ಇಲ್ಲದ ಶಾಂಪೂ ತಗೊಳ್ಳಿ, ತಪ್ಪೇನಿಲ್ಲ.

ಆದರೆ ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ಎಲ್ಲೆಂದರಲ್ಲಿ ಚೆಲ್ಲಬಹುದು ಅಂದುಕೊಳ್ಳಬೇಡಿ. ಅಂಟುವಾಳದಲ್ಲಿ ನೊರೆ ಕೊಡುವ ಸಪೋನಿನ್ ಅನ್ನುವ ಅಂಶ ಮೀನಿಗೆ ವಿಷ. ಮಣ್ಣಿಗೆ ಬಿದ್ದರೆ ಕರಗಿ ಹೋಗುತ್ತದೆ, ಕೆರೆಗೆ ಬಿದ್ದರೆ ಹಾಗಲ್ಲ. ಅದಕ್ಕೆ ನಾನು ಮುತ್ತುಗೆ ತೆಂಗಿನ ಮರದ ಬುಡದಲ್ಲೇ ಕಲ್ಲು ಹಾಕಿ ಸ್ನಾನ ಮಾಡಿಸುತ್ತೇನೆ. ಸ್ನಾನದ ನೀರು ಎಲ್ಲಿಗೂ ಹೋಗಿ ಮಾಯವಾಗುವುದಿಲ್ಲ ಅನ್ನುವುದು ನಮ್ಮ ಜಿಲ್ಲೆಯವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? 2018ರಲ್ಲಿ ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಬೆಂಗಳೂರಿನವರು ಮಿಂದು, ಬಟ್ಟೆ ಒಗೆದು ಚರಂಡಿಗೆ ಬಿಟ್ಟ ನೀರನ್ನೇ ಶುದ್ಧೀಕರಿಸಿ ಕಳಿಸಿದ್ದು ಅದು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿದು, ಮಣ್ಣಿಗೆ ಇಳಿದು, ನಮ್ಮ ಬೋರ್‌ವೆಲ್ಲುಗಳಿಗೆ ಸೇರುತ್ತಿದೆ. ಅವರ ಬಚ್ಚಲಿಗೆ ಏನು ಬಿತ್ತು ಅಂತ ನಾವು ಕೇಳುತ್ತೇವೆ, ಕೇಳಲೇಬೇಕು. ನಮ್ಮ ಬಚ್ಚಲನ್ನೂ ಹಾಗೇ ನೋಡಿಕೊಳ್ಳಬೇಕು, ಅಲ್ವಾ?

ಇದನ್ನು ಹೇಳುವುದಕ್ಕೆ ಒಂದು ಕಾರಣ ಇದೆ. ನಮ್ಮ ಕಡೆ ನಾಯಿಗೆ ಉಣುಗು, ಅಂದರೆ ಉಣ್ಣೆ ಹತ್ತಿದರೆ ಟೊಮೆಟೊಗೆ ಹೊಡೆಯುವ ಔಷಧಿಯನ್ನೇ ನೀರಿಗೆ ಬೆರೆಸಿ ಮೈಗೆ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ನಮ್ಮ ಬೀದಿಯಲ್ಲೇ ಒಂದು ಲಾಸಾ ಆಪ್ಸೊ ನಾಯಿ ಹಾಗೆ ಜೊಲ್ಲು ಸುರಿಸುತ್ತಾ, ಕೈಕಾಲು ನಡುಗುತ್ತಾ ಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬದುಕಿತು, ಆದರೆ ಮೂರು ದಿನ ಡ್ರಿಪ್ ಮೇಲಿತ್ತು. ಉದ್ದ ಕೂದಲಿನಲ್ಲಿ ಆ ಔಷಧಿ ತೊಳೆದರೂ ಬೇಗ ಹೋಗುವುದಿಲ್ಲ, ಪ್ರಾಣಿ ನೆಕ್ಕುತ್ತಲೇ ಇರುತ್ತದೆ.

ಉಣ್ಣೆಯನ್ನು ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ, ಸ್ಪಿರಿಟ್ಟಿಗೆ ಹಾಕಿ, ಬೆರಳಲ್ಲಿ ಹಿಚುಕಬೇಡಿ. ರಕ್ತ ಕುಡಿದು ಉಬ್ಬಿದ ಒಂದು ಹೆಣ್ಣು ಉಣ್ಣೆ ಕೆಳಗೆ ಬಿದ್ದು ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಹಾಗಾಗಿ ನಾಯಿ ಮಲಗುವ ಜಾಗದ ಬಿರುಕನ್ನು ಸಿಮೆಂಟಲ್ಲಿ ಮುಚ್ಚುವುದೂ ಚಿಕಿತ್ಸೆಯೇ. ಜಾಸ್ತಿ ಇದ್ದರೆ, ಅಥವಾ ನಾಯಿ ಊಟ ಬಿಟ್ಟು ಮಂಕಾದರೆ, ಮನೆಮದ್ದು ಅಂತ ಕೂರಬೇಡಿ. ಉಣ್ಣೆ ಜ್ವರ ಪ್ರಾಣ ತೆಗೆಯುತ್ತದೆ. ವೈದ್ಯರು ಕೊಟ್ಟ ಔಷಧಿಯನ್ನು ಹೇಳಿದಷ್ಟೇ ಹಾಕಿ, ಹಾಕಿದ ಮೇಲೆ ಅವರು ಹೇಳುವ ತನಕ ಸ್ನಾನ ಬೇಡ, ಕೆರೆಗಂತೂ ಇಳಿಸಲೇಬೇಡಿ.

ಬಾಚಿದಾಗ ಬಂದ ಕೂದಲನ್ನು ಗುಬ್ಬಿಗಳು ಗೂಡಿಗೆ ತಗೊಂಡು ಹೋಗಲಿ ಅಂತ ನಾನು ಹಿತ್ತಲಲ್ಲಿ ಇಡುತ್ತಿದ್ದೆ. ಈಗ ನಿಲ್ಲಿಸಿದ್ದೇನೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಾಣಿಗಳ ಕೂದಲು ಹಾಸಿದ್ದ ಹಕ್ಕಿಗೂಡುಗಳನ್ನು ಪರೀಕ್ಷೆ ಮಾಡಿದಾಗ ಒಂದೂ ಬಿಡದೆ ಎಲ್ಲದರಲ್ಲೂ ಫಿಪ್ರೊನಿಲ್ ಸಿಕ್ಕಿತು. ಚಿಗಟ, ಉಣ್ಣೆಗೆ ಬೆನ್ನ ಮೇಲೆ ಹಾಕುತ್ತೇವಲ್ಲ, ಆ ಹನಿಗಳಲ್ಲಿ ಇರುವ ಔಷಧಿ ಅದು. ವಿಷ ಜಾಸ್ತಿ ಇದ್ದ ಗೂಡುಗಳಲ್ಲಿ ಒಡೆಯದ ಮೊಟ್ಟೆ, ಸತ್ತ ಮರಿ ಜಾಸ್ತಿ. ಒಳ್ಳೆಯದು ಅಂದುಕೊಂಡು ಮಾಡಿದ ಕೆಲಸ, ಓದಿ ತುಂಬಾ ಬೇಜಾರಾಯಿತು.

ಬೆಕ್ಕು ಸಾಕಿದವರಿಗೆ ಬೇರೆಯೇ ಹೇಳಬೇಕು. ಪರ್ಷಿಯನ್ ಬೆಕ್ಕಿಗೆ ಅಂಟುವಾಳ ಬೇಡ, ಬೇವಿನೆಣ್ಣೆ ಬೇಡ, ಟೀ ಟ್ರೀ ಎಣ್ಣೆ ಬೇಡ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚುವ ಅಭ್ಯಾಸ ಬೆಕ್ಕಿಗೂ ಬೇಡ, ನಾಯಿಗೂ ಬೇಡ. ಬೆಕ್ಕು ಮೈಮೇಲಿನದನ್ನೆಲ್ಲ ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ದಿನಾ ಬಾಚಿದರೆ ನುಂಗುವ ಕೂದಲು ಕಡಿಮೆಯಾಗಿ, ಕೂದಲುಂಡೆ ವಾಂತಿಯೂ ಕಡಿಮೆಯಾಗುತ್ತದೆ.

ಬೇಸಿಗೆ ಬಂತು, ಬೋಳಿಸಿಬಿಡೋಣ ಅನ್ನುವವರಿಗೂ ಒಂದು ಮಾತು. ಒಂದು ಏಪ್ರಿಲ್‌ನಲ್ಲಿ ಸ್ವಲ್ಪ ತುದಿ ಕತ್ತರಿಸಿ ಅಂತ ಮುತ್ತುನ ಒಂದು ಕಡೆ ಬಿಟ್ಟು ಬಂದಿದ್ದೆ, ಸಂಜೆ ಹೋದರೆ ಮಷಿನ್ ಹಾಕಿ ಚರ್ಮ ಕಾಣುವ ಹಾಗೆ ತೆಗೆದಿದ್ದರು. ನಾಯಿ ಎರಡು ದಿನ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಬೆನ್ನು ಬಿಸಿಲಿಗೆ ಕೆಂಪಗಾಯಿತು. ಕೂದಲು ಮೊದಲಿನ ಹಾಗೆ ಬರೋಕೆ ಒಂದೂವರೆ ವರ್ಷ ಹಿಡಿಯಿತು. ಪಾಮೆರೇನಿಯನ್, ಗೋಲ್ಡನ್ ರಿಟ್ರೀವರ್ ಥರದ ನಾಯಿಗೆ ಎರಡು ಪದರ ಕೂದಲು, ಬಿಸಿಲನ್ನೂ ತಡೆಯುತ್ತದೆ, ಚಳಿಯನ್ನೂ ತಡೆಯುತ್ತದೆ. ಒಳಗಿನ ಉದುರುವ ಪದರವನ್ನು ಬಾಚಿ ತೆಗೆದರೆ ಗಾಳಿ ಆಡುತ್ತದೆ, ಅಷ್ಟು ಸಾಕು. ಶಿಟ್ಜೂ ಜಾತಿಯ ನಾಯಿಯ ಕೂದಲು ಬೆಳೆಯುತ್ತಲೇ ಇರುತ್ತದೆ, ಅದನ್ನು ಕತ್ತರಿಸಬಹುದು.

ಸ್ನಾನ ಬೆಳಿಗ್ಗೆ ಹತ್ತರ ಬಿಸಿಲಲ್ಲಿ ಇಟ್ಟುಕೊಳ್ಳಿ, ಹಳೇ ಹತ್ತಿ ಲುಂಗಿಯಲ್ಲಿ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ, ಉಜ್ಜಿದರೆ ಮತ್ತೆ ಸಿಕ್ಕು. ಕೂದಲಿನ ಬುಡ ಒಣಗಿದೆಯಾ ಅಂತ ಬೆರಳು ಹಾಕಿ ನೋಡಿ, ಒಳಗೆ ತೇವ ಉಳಿದರೆ ಹುಣ್ಣಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ನಾನು ಮುತ್ತುಗೆ ಸ್ನಾನವನ್ನೇ ಮಾಡಿಸುವುದಿಲ್ಲ. ರಾತ್ರಿ ಊಟ ಆದ ಮೇಲೆ ಕಿಟಕಿ ಕಟ್ಟೆಯಿಂದ ಬಾಚಣಿಗೆ ತೆಗೆದ ಸದ್ದಾದರೆ ಸಾಕು, ತಾನೇ ಬಂದು ಬೆನ್ನು ಕೊಟ್ಟು ಕೂರುತ್ತದೆ.

ನಮಸ್ಕಾರ.