ಲಿಸ್ಟು ನಿಮ್ಮದು, ತಿದ್ದಿದವರು ಯಾರು?

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ರಾಯಚೂರಿನ ಕಡೆ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ. ಬೇರೆಯವರೂ ಕೇಳಿ, ಕಷ್ಟವೇನಿಲ್ಲ. ವಿಷಯ ಇಷ್ಟೇ: ತಿದ್ದಲು ಬರುವ ಲಿಸ್ಟು, ತಿದ್ದಲು ಬಾರದ ಲಿಸ್ಟು.

ನಮ್ಮ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಒಂದು ದಲಾಲಿ ಅಂಗಡಿಗೆ ಪ್ರೋಗ್ರಾಂ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಬೆಳಗ್ಗೆ ಬಂದ ಭತ್ತದ ಲಾಟುಗಳೆಲ್ಲ ಬಂದ ಸರದಿಯಲ್ಲೇ ಒಂದು ಅರೇಲಿಸ್ಟಿನಲ್ಲಿ, ಅಂದರೆ ಜಾವಾದ ಮಾಮೂಲಿ ಪಟ್ಟಿಯಲ್ಲಿ ಇವೆ. ಅದನ್ನು ರಿಪೋರ್ಟ್ ತೆಗೆಯುವ ಕೋಡಿನ ತುಂಡಿಗೆ, ಅಂದರೆ ಮೆಥಡ್‌ಗೆ ಕೊಟ್ಟಿರಿ. ಆ ಮೆಥಡ್ ಬರೆದವರು, ಜಾಸ್ತಿ ರೇಟಿನ ಲಾಟು ಮೇಲೆ ಬರಲಿ ಅಂತ ಲಿಸ್ಟನ್ನು ಸಾರ್ಟ್ ಮಾಡಿಬಿಟ್ಟರು. ರಿಪೋರ್ಟೇನೋ ಚೆನ್ನಾಗಿ ಬಂತು, ಆದರೆ ನಿಮ್ಮ ಮೂಲ ಲಿಸ್ಟಿನ ಸರದಿಯೂ ಕೆಟ್ಟುಹೋಯಿತು, ಯಾಕೆಂದರೆ ಜಾವಾ ಅಲ್ಲಿಗೆ ಕಳಿಸಿದ್ದು ಲಿಸ್ಟಿನ ನಕಲನ್ನಲ್ಲ, ಅದೇ ಲಿಸ್ಟ್ ಎಲ್ಲಿದೆ ಅಂತ ತೋರಿಸುವ ರೆಫರೆನ್ಸನ್ನು. ಯಾವ ರೈತರ ಲಾಟು ಮೊದಲು ಬಂದಿತ್ತು? ಈಗ ಗೊತ್ತಾಗುವುದಿಲ್ಲ. ಎರರ್ ಕೂಡ ಬರುವುದಿಲ್ಲ.

ಲಿಸ್ಟಿನಂಥ ಸಂಗ್ರಹಕ್ಕೆ ಕಲೆಕ್ಷನ್ ಅನ್ನುತ್ತಾರೆ. ಹೀಗೆ ತಿದ್ದಲು ಬರುವ ಕಲೆಕ್ಷನ್ ಮ್ಯೂಟಬಲ್. ಒಮ್ಮೆ ಕಟ್ಟಿದ ಮೇಲೆ ಬದಲಾಗದೇ ಇರುವುದು ಇಮ್ಯೂಟಬಲ್.

‘ಲಿಸ್ಟ್ ಬದಲಾಗದಿರಲು ಫೈನಲ್ ಅಂತ ಬರೆದರೆ ಸಾಕಲ್ವಾ ಸರ್’ ಅಂತ ಕೇಳುವವರು ಬಹಳ. ಸಾಲದು. ಫೈನಲ್ ಹಾಕಿದರೆ ಆ ಹೆಸರಿಗೆ ಬೇರೆ ಲಿಸ್ಟ್ ಕಟ್ಟಲು ಬರುವುದಿಲ್ಲ ಅಷ್ಟೇ, ಇರುವ ಲಿಸ್ಟಿಗೆ ಸೇರಿಸುವುದು, ತೆಗೆಯುವುದು ಎಲ್ಲ ನಡೆಯುತ್ತದೆ. ಕಲೆಕ್ಷನ್ಸ್ ಡಾಟ್ ಅನ್‌ಮಾಡಿಫೈಯಬಲ್ ಲಿಸ್ಟ್ ಅನ್ನುವ ಮೆಥಡ್ ಇನ್ನೂ ಮೋಸದ್ದು. 1998ರಲ್ಲಿ ಜಾವಾ 1.2ರ ಜೊತೆಗೇ ಬಂದದ್ದು. ಅದು ಕೊಟ್ಟ ಲಿಸ್ಟನ್ನು ಪಡೆದವರು ತಿದ್ದಲು ಹೋದರೆ ಪ್ರೋಗ್ರಾಂ ಓಡುವಾಗ ಎಕ್ಸೆಪ್ಶನ್, ಅಂದರೆ ತಪ್ಪಿನ ಸೂಚನೆ ಬೀಳುತ್ತದೆ, ನಿಜ. ಆದರೆ ಅದು ಹಳೇ ಲಿಸ್ಟಿಗೆ ಇಟ್ಟ ಕಿಟಕಿ ಮಾತ್ರ. ಒಳಗಿನ ಲಿಸ್ಟ್ ಕೈಯಲ್ಲಿರುವವರು ಒಂದು ಲಾಟು ತೆಗೆದರೆ, ಕಿಟಕಿಯಲ್ಲಿ ನೋಡುತ್ತಿರುವವರಿಗೂ ಆ ಲಾಟು ಮಾಯ. ‘ನೀನು ತಿದ್ದಬೇಡ’ ಅನ್ನುವುದು ಬೇರೆ, ‘ಯಾರಿಂದಲೂ ತಿದ್ದಲಾಗದು’ ಅನ್ನುವುದು ಬೇರೆ. ಕಾಟ್ಲಿನ್ ಅನ್ನುವ ಇನ್ನೊಂದು ಭಾಷೆಯ ಲಿಸ್ಟ್ ಟೈಪ್ ಕೂಡ ಮೊದಲನೆಯ ಜಾತಿಯದೇ.

ನಿಜವಾಗಿ ಬದಲಾಗದ ಲಿಸ್ಟ್ ಬೇಕಿದ್ದರೆ ಲಿಸ್ಟ್ ಡಾಟ್ ಆಫ್ ಇದೆ, 2017ರ ಜಾವಾ 9ರಿಂದ. ಮರುವರ್ಷ ಜಾವಾ 10ರಲ್ಲಿ, ಇರುವ ಲಿಸ್ಟಿನಿಂದ ಬದಲಾಗದ ನಕಲು ಕೊಡುವ ಲಿಸ್ಟ್ ಡಾಟ್ ಕಾಪಿಆಫ್ ಬಂತು. ಎರಡಕ್ಕೂ ನಲ್, ಅಂದರೆ ‘ಏನೂ ಇಲ್ಲ’ ಅನ್ನುವ ಗುರುತು ಕೊಟ್ಟರೆ ಒಪ್ಪುವುದಿಲ್ಲ, ನೆನಪಿರಲಿ. ಕಾಪಿ ಮಾಡಿದರೆ ಮೆಮೊರಿ ಸುಮ್ನೆ ಹಾಳು ಅಂತ ಹೆದರಬೇಡಿ. ಆಗಲೇ ಇಮ್ಯೂಟಬಲ್ ಆಗಿರುವ ಲಿಸ್ಟನ್ನು ಕೊಟ್ಟರೆ ಸಾಮಾನ್ಯವಾಗಿ ಕಾಪಿಆಫ್ ಮತ್ತೆ ನಕಲು ಮಾಡುವುದೇ ಇಲ್ಲ.

ಹಾಗಂತ ಅರೇಲಿಸ್ಟ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನಿಮ್ಮ ಮೆಥಡ್ ಒಳಗೆ ಲಾಟುಗಳನ್ನು ಒಂದೊಂದಾಗಿ ಸೇರಿಸುವಾಗ ಧಾರಾಳವಾಗಿ ಬಳಸಿ, ಅದು ಆಗ ಬೇರೆ ಯಾರ ಕೈಯಲ್ಲೂ ಇರುವುದಿಲ್ಲ. ಹೊರಗೆ ಕೊಡುವಾಗ ಮಾತ್ರ ಕಾಪಿಆಫ್ ಮಾಡಿ ಕೊಡಿ.

ಇನ್ನೊಂದು ಸಂಗತಿ ಉಳಿಯಿತು. ಲಿಸ್ಟ್ ಬದಲಾಗದಿದ್ದರೂ ಅದರೊಳಗಿನ ಲಾಟಿಗೆ ಸೆಟ್ಟರ್, ಅಂದರೆ ಅದರ ವಿವರ ಬದಲಿಸುವ ಮೆಥಡ್ ಇದ್ದರೆ ತೂಕವನ್ನು ಯಾರು ಬೇಕಾದರೂ ತಿದ್ದಬಹುದು. ಪೈಥಾನ್ ಭಾಷೆಯ ಬದಲಾಗದ ಪಟ್ಟಿಯಾದ ಟ್ಯೂಪಲ್ ಒಳಗೆ ಲಿಸ್ಟ್ ಇಟ್ಟರೂ ಇದೇ ಪಾಡು. ಅದಕ್ಕೆ ಲಾಟನ್ನು ರೆಕಾರ್ಡ್ ಆಗಿ ಬರೆಯಿರಿ. 2021ರ ಜಾವಾ 16ರಿಂದ ಅದು ಭಾಷೆಯಲ್ಲೇ ಇದೆ, ಅದರ ಫೀಲ್ಡುಗಳು, ಅಂದರೆ ತೂಕದಂಥ ವಿವರಗಳೆಲ್ಲ ಫೈನಲ್. ತೂಕ ತಪ್ಪಾಗಿದ್ದರೆ ಸರಿಯಾದ ತೂಕದ ಹೊಸ ಲಾಟು ಕಟ್ಟಿ, ಹೊಸ ಲಿಸ್ಟ್ ಮಾಡಿ. ನಮಸ್ಕಾರ.